ಪ್ರೌಢಶಾಲೆಗಳಲ್ಲಿ ಅರಣ್ಯ ಶಿಕ್ಷಣ: ಪಠ್ಯಯೋಜನೆ ಮತ್ತು ಮೌಲ್ಯಮಾಪನ

(ಮುಖ್ಯ ಶಿಕ್ಷಕರು, ವಿಷಯ ಶಿಕ್ಷಕರು, ಶಾಲಾಭಿವೃದ್ಧಿ ಸಮಿತಿಗಳು ಹಾಗೂ ಪೋಷಕರ ಮಾಹಿತಿಗಾಗಿ)

1. ಪೀಠಿಕೆ

ನಮ್ಮ ದೇಶದಲ್ಲಿ ವನಮಹೋತ್ಸವವು 1950ರಲ್ಲಿ, ಅಂದಿನ ಕೇಂದ್ರ ಆಹಾರ ಮತ್ತು ಕೃಷಿ ಸಚಿವರಾಗಿದ್ದ ಕೆ. ಎಂ. ಮುನ್ಷಿ ಅವರ ಪ್ರೇರಣೆಯಿಂದ ಆರಂಭವಾಯಿತು. ಅಂದಿನಿಂದ ಶಾಲಾ ವಿದ್ಯಾರ್ಥಿಗಳು ಪ್ರತಿ ಮಳೆಗಾಲದಲ್ಲಿ ಸಸಿ ನೆಡುತ್ತ ಬಂದಿದ್ದಾರೆ. ಜೂನ್ 5ರ ವಿಶ್ವ ಪರಿಸರ ದಿನಾಚರಣೆ, ಜುಲೈ ಮೊದಲ ವಾರದ ವನಮಹೋತ್ಸವ ಇವೆರಡೂ ಶಾಲಾ ವಾರ್ಷಿಕ ಕಾರ್ಯಕ್ರಮಗಳ ಪಟ್ಟಿಯಲ್ಲಿ ಸ್ಥಿರವಾಗಿ ಸ್ಥಾನ ಪಡೆದಿವೆ. ಆದರೆ ನೆಟ್ಟ ಸಸಿಗಳ ಸಂಖ್ಯೆಯು ವರದಿಗಳಲ್ಲಿ ದಾಖಲಾಗುವಷ್ಟು ನಿಷ್ಠೆಯಿಂದ, ಉಳಿದ ಸಸಿಗಳ ಸಂಖ್ಯೆ ದಾಖಲಾಗುವುದು ಅಪರೂಪ. ಒಂದೇ ಗುಂಡಿಯಲ್ಲಿ ವರ್ಷವರ್ಷವೂ ಹೊಸ ಸಸಿಯನ್ನು ನೆಡುವ ಶಾಲೆಯಲ್ಲಿ ವಿದ್ಯಾರ್ಥಿಯು ನೆಡುವುದನ್ನು ಕಲಿಯುತ್ತಾನೆಯೇ ಹೊರತು ಬೆಳೆಸುವುದನ್ನು ಕಲಿಯುವುದಿಲ್ಲ.

ಇದಕ್ಕೆ ವಿದ್ಯಾರ್ಥಿಗಳ ನಿರಾಸಕ್ತಿಯೊಂದೇ ಕಾರಣವಲ್ಲ. ಶಾಲಾ ವರ್ಷಕ್ಕೂ ಸಸಿಯ ವರ್ಷಕ್ಕೂ ಇರುವ ಅಂತರ ಇಲ್ಲಿ ಮುಖ್ಯ. ಸಸಿಗೆ ಅತ್ಯಂತ ಕಠಿಣವಾದ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಶಾಲೆಗೆ ಬೇಸಿಗೆ ರಜೆ ಇರುತ್ತದೆ. ಸಸಿ ನೆಟ್ಟ ದಿನವೇ ಚಟುವಟಿಕೆ ಮುಗಿದಂತೆ ಭಾವಿಸಿ ಅಂಕ ನೀಡಿದರೆ, ಸಸಿಯ ನಿಜವಾದ ಪರೀಕ್ಷೆ ಆರಂಭವಾಗುವ ಮೊದಲೇ ವಿದ್ಯಾರ್ಥಿಯ ಪರೀಕ್ಷೆ ಮುಗಿದಿರುತ್ತದೆ. ಆದುದರಿಂದ ಅರಣ್ಯ ಶಿಕ್ಷಣದ ಯೋಜನೆ ಮತ್ತು ಮೌಲ್ಯಮಾಪನ ಎರಡನ್ನೂ ಸಸಿಯ ಕಾಲಮಾನಕ್ಕೆ ಹೊಂದಿಸುವುದು ಅಗತ್ಯ. ಇದನ್ನು ಮಾಡುವ ಕ್ರಮವನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಇಲ್ಲಿರುವುದು ಮಾರ್ಗದರ್ಶಿ ಮಾದರಿಯೇ ಹೊರತು ಕಡ್ಡಾಯ ಆದೇಶವಲ್ಲ. ಶಾಲೆಗಳು ತಮ್ಮ ಪರಿಸ್ಥಿತಿಗೆ ಅನುಗುಣವಾಗಿ ಮಾರ್ಪಡಿಸಿಕೊಳ್ಳಬಹುದು.

2. ವ್ಯಾಪ್ತಿ ಮತ್ತು ಉದ್ದೇಶಗಳು

ರಾಜ್ಯದ ಪ್ರೌಢಶಾಲೆಯು 8, 9 ಮತ್ತು 10ನೇ ತರಗತಿಗಳನ್ನೊಳಗೊಂಡ ಮೂರು ವರ್ಷಗಳ ಘಟ್ಟವಾಗಿದೆ. ಒಂದು ಸಸಿ ತನ್ನ ಕಾಲ ಮೇಲೆ ತಾನು ನಿಲ್ಲಲು ಸಾಮಾನ್ಯವಾಗಿ ಬೇಕಾಗುವ ಅವಧಿಯೂ ಸುಮಾರು ಇಷ್ಟೇ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿಯೂ ರೈತರಿಗೆ ಪ್ರೋತ್ಸಾಹಧನವನ್ನು ನೆಟ್ಟ ಸಸಿಗಳ ಲೆಕ್ಕದಲ್ಲಿ ನೀಡದೆ, ಬದುಕುಳಿದ ಸಸಿಗಳ ಲೆಕ್ಕದಲ್ಲಿ ಮೂರು ವರ್ಷಗಳಿಗೆ ಹಂಚಿ ನೀಡುವ ಪದ್ಧತಿಯನ್ನು ಅಳವಡಿಸಲಾಗಿದೆ. ಇದೇ ತತ್ತ್ವವನ್ನು ಶಾಲೆಗೂ ಅನ್ವಯಿಸಬಹುದು.

ವಿಜ್ಞಾನ, ಗಣಿತ ಮತ್ತು ಸಮಾಜ ವಿಜ್ಞಾನದ ಯೋಜನಾ ಕಾರ್ಯಗಳು, ಕಾರ್ಯಾನುಭವದ ಅವಧಿಗಳು ಹಾಗೂ ರಾಷ್ಟ್ರೀಯ ಹಸಿರು ಪಡೆಯ ಪರಿಸರ ಸಂಘದ ಚಟುವಟಿಕೆಗಳ ಮೂಲಕ ಈ ಶಿಕ್ಷಣವನ್ನು ನಡೆಸಬಹುದು. ಇದರ ಉದ್ದೇಶಗಳು ಈ ಕೆಳಗಿನಂತಿವೆ.

(ಅ) ಸ್ಥಳೀಯ ಮರಗಳನ್ನು ಎಲೆ, ತೊಗಟೆ, ಹೂವು, ಕಾಯಿಗಳಿಂದ ಗುರುತಿಸುವುದು.
(ಆ) ಬೀಜ ಸಂಗ್ರಹಣೆಯಿಂದ ಹಿಡಿದು ನೆಟ್ಟ ಸಸಿಯ ಪೋಷಣೆಯವರೆಗಿನ ಕೆಲಸಗಳನ್ನು ಕೈಯಾರೆ ಮಾಡಿ ಕಲಿಯುವುದು.
(ಇ) ಮರಗಳ ಅಳತೆ, ಎಣಿಕೆ ಮತ್ತು ದಾಖಲೆಯ ಅಭ್ಯಾಸ ಬೆಳೆಸಿಕೊಳ್ಳುವುದು.
(ಈ) ಅರಣ್ಯಕ್ಕೂ ನೀರು, ಮಣ್ಣು, ವನ್ಯಜೀವಿ ಮತ್ತು ಜನಜೀವನಕ್ಕೂ ಇರುವ ಸಂಬಂಧವನ್ನು ತಿಳಿಯುವುದು.
(ಉ) ಕಂಡದ್ದನ್ನು ಕಂಡಂತೆ ಬರೆಯುವ ಪ್ರಾಮಾಣಿಕತೆಯನ್ನು ರೂಢಿಸಿಕೊಳ್ಳುವುದು.

3. ಯೋಜನೆಗೆ ಮುನ್ನ: ಶಾಲೆಯ ಸ್ಥಿತಿಗತಿಯ ಸಮೀಕ್ಷೆ

3.1 ನೀರು

ಎಷ್ಟು ಸಸಿ ನೆಡಬೇಕೆಂಬುದನ್ನು ಜಾಗದ ಆಧಾರದಲ್ಲಿ ನಿರ್ಧರಿಸುವುದು ವಾಡಿಕೆ. ಇದು ಸರಿಯಾದ ಕ್ರಮವಲ್ಲ. 10 ಗುಂಟೆ ಎಂದರೆ ಸುಮಾರು 1,012 ಚದರ ಮೀಟರ್. 3 ಮೀಟರ್ ಅಂತರದ ಲೆಕ್ಕದಲ್ಲಿ ಅಲ್ಲಿ 112 ಸಸಿಗಳಿಗೆ ಜಾಗವಿದೆ. ಆದರೆ ಪ್ರತಿ ಸಸಿಗೆ ವಾರಕ್ಕೆ 10 ಲೀಟರ್ ನೀರೆಂದು ಇಟ್ಟುಕೊಂಡರೂ 50 ಸಸಿಗಳಿಗೆ ವಾರಕ್ಕೆ 500 ಲೀಟರ್, ಅಂದರೆ 15 ಲೀಟರ್‌ನ ಬಕೆಟಿನಲ್ಲಿ 33ಕ್ಕೂ ಹೆಚ್ಚು ಬಕೆಟ್ ನೀರು ಬೇಕು. ಫೆಬ್ರವರಿಯಿಂದ ಮೇ ಅಂತ್ಯದವರೆಗಿನ ಸುಮಾರು 17 ವಾರಗಳಿಗೆ ಈ ಮೊತ್ತ 8,500 ಲೀಟರ್ ಆಗುತ್ತದೆ. ಇದರಲ್ಲಿ ಸುಮಾರು 7 ವಾರಗಳು ಬೇಸಿಗೆ ರಜೆಯಲ್ಲಿ ಬರುತ್ತವೆ.

ಈ ಲೆಕ್ಕವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸತಕ್ಕದ್ದು. ಶಾಲೆಯ ಕೊಳವೆಬಾವಿ, ನಲ್ಲಿ, ಮಳೆನೀರಿನ ತೊಟ್ಟಿ, ಕೈತೊಳೆಯುವ ಸ್ಥಳದಿಂದ ಹರಿದುಹೋಗುವ ನೀರು ಇವುಗಳ ಪಟ್ಟಿ ಮಾಡಿ, ಬೇಸಿಗೆಯಲ್ಲಿ ನಿಶ್ಚಿತವಾಗಿ ದೊರೆಯುವ ನೀರಿನ ಪ್ರಮಾಣದಿಂದ ಸಸಿಗಳ ಸಂಖ್ಯೆಯನ್ನು ನಿರ್ಧರಿಸಬೇಕು. ಲೆಕ್ಕದಲ್ಲಿ 20 ಸಸಿ ಬಂದರೆ 20ನ್ನೇ ನೆಡುವುದು.

3.2 ಮಳೆ

ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್ ತಿಂಗಳಲ್ಲಿಯೇ ಮುಂಗಾರು ಸ್ಥಿರಗೊಳ್ಳುವುದರಿಂದ ಆಗ ನಾಟಿ ಮಾಡಬಹುದು. ಕೋಲಾರ, ತುಮಕೂರು, ಚಿತ್ರದುರ್ಗ ಮೊದಲಾದ ಒಳನಾಡಿನ ಜಿಲ್ಲೆಗಳಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಹೆಚ್ಚಿನ ಮಳೆ ಬೀಳುತ್ತದೆ. ಅಲ್ಲಿ ಜೂನ್ 5ರಂದು ನೆಟ್ಟ ಸಸಿಗಳು ಜುಲೈನ ಒಣಹವೆಗೆ ಸಿಲುಕುವ ಸಾಧ್ಯತೆ ಉಂಟು. ಅಂತಹ ಕಡೆ ಪರಿಸರ ದಿನದಂದು ಗುಂಡಿ ತೆಗೆಯುವ ಕೆಲಸ, ಬೀಜ ಬಿತ್ತನೆ ಅಥವಾ ಹಿಂದಿನ ವರ್ಷದ ಸಸಿಗಳ ಎಣಿಕೆ ಇಟ್ಟುಕೊಂಡು, ನಾಟಿಯನ್ನು ಮಣ್ಣು ಚೆನ್ನಾಗಿ ನೆನೆದ ನಂತರ ಕೈಗೊಳ್ಳುವುದು ಲೇಸು. ಊರಿನ ಹಿರಿಯ ರೈತರು ಆರಿದ್ರಾ, ಹಸ್ತ, ಚಿತ್ತೆ ಮಳೆಗಳ ಬಗ್ಗೆ ನೀಡುವ ಮಾಹಿತಿಯನ್ನು ವಿದ್ಯಾರ್ಥಿಗಳು ಕೇಳಿ ಬರೆದುಕೊಂಡು, ಸಮೀಪದ ಮಳೆಮಾಪನ ಕೇಂದ್ರದ ಅಂಕಿ ಅಂಶಗಳೊಡನೆ ಹೋಲಿಸಬಹುದು.

3.3 ಜಾತಿಗಳ ಆಯ್ಕೆ

ಬಯಲುಸೀಮೆಯ ಶಾಲೆಗಳಿಗೆ ಹೊಂಗೆ, ಬೇವು, ಹುಣಸೆ, ನೆಲ್ಲಿ, ಮುತ್ತುಗ; ಮಲೆನಾಡಿಗೆ ಹಲಸು, ಹೊನ್ನೆ, ಮತ್ತಿ, ನಂದಿ; ನೀರಿನ ಆಸರೆ ಇರುವೆಡೆ ನೇರಳೆ, ಅತ್ತಿ, ಹೊಳೆಮತ್ತಿ ಸೂಕ್ತವಾಗಿವೆ. ಆಲ, ಅರಳಿ, ಬಸರಿ ಮರಗಳನ್ನು ಕಟ್ಟಡ, ಕಾಂಪೌಂಡು ಗೋಡೆ ಹಾಗೂ ನೀರಿನ ತೊಟ್ಟಿಗಳಿಂದ ದೂರದಲ್ಲಿ ಮಾತ್ರ ನೆಡಬೇಕು. ವಿದ್ಯುತ್ ತಂತಿಗಳ ಕೆಳಗೆ ಎತ್ತರಕ್ಕೆ ಬೆಳೆಯುವ ಜಾತಿಗಳನ್ನು ನೆಡಬಾರದು. ರಾಜ್ಯವೃಕ್ಷವಾದ ಶ್ರೀಗಂಧವನ್ನು ಕಲಿಕೆಯ ದೃಷ್ಟಿಯಿಂದ ಒಂದೆರಡು ಸಂಖ್ಯೆಯಲ್ಲಿ ಬೆಳೆಸಬಹುದು. ಅದು ಅರೆಪರಾವಲಂಬಿ ಸಸ್ಯವಾದುದರಿಂದ ಅದರ ಬೇರಿಗೆ ಆಸರೆಯಾಗಿ ಕುಂಡದಲ್ಲಿರುವಾಗ ತೊಗರಿಯಂತಹ ಗಿಡವನ್ನೂ, ನೆಲಕ್ಕೆ ಹೋದ ಮೇಲೆ ಹೊಂಗೆಯಂತಹ ಮರವನ್ನೂ ಜೊತೆಯಲ್ಲಿ ಬೆಳೆಸಬೇಕಾಗುತ್ತದೆ.

4. ಮೂರು ವರ್ಷಗಳ ಪಠ್ಯ ಹಂಚಿಕೆ

8ನೇ ತರಗತಿ – ಬೀಜ ಮತ್ತು ಸಸಿ: ಶಾಲೆಯ ಸುತ್ತಲಿನ 20 ಮರಗಳ ಪರಿಚಯ, ಬೀಜ ಸಂಗ್ರಹಣೆ, ಬೀಜೋಪಚಾರ, ಸಸಿಮಡಿ, ಚೀಲ ತುಂಬುವುದು, ನಾಟಿ, ಬೇಲಿ, ಮೊದಲ ಬೇಸಿಗೆಯ ಯೋಜನೆ.

9ನೇ ತರಗತಿ – ಅಳತೆ ಮತ್ತು ವೀಕ್ಷಣೆ: ತಾವು ನೆಟ್ಟ ಸಸಿಗಳ ಬದುಕುಳಿದ ಪ್ರಮಾಣ, ಸಾವಿನ ಕಾರಣಗಳು, ಮರದ ಸುತ್ತಳತೆ ಮತ್ತು ಎತ್ತರ, ಚಿಗುರು, ಹೂವು, ಕಾಯಿಗಳ ಋತುದಾಖಲೆ, ಕರ್ನಾಟಕದ ಅರಣ್ಯ ವಿಧಗಳು, ಒಂದು ಅರಣ್ಯ ಭೇಟಿ.

10ನೇ ತರಗತಿ – ಅರಣ್ಯ ಮತ್ತು ಸಮಾಜ: ಅರಣ್ಯ ಕಾಯಿದೆಗಳು, ಗ್ರಾಮದ ಉರುವಲು, ಮೇವು ಮತ್ತು ಕಿರು ಅರಣ್ಯ ಉತ್ಪನ್ನಗಳ ಅಧ್ಯಯನ, ಮೂರು ವರ್ಷಗಳ ದಾಖಲೆಯ ಸಾರಾಂಶ ವರದಿ, ದಾಖಲೆ ಪುಸ್ತಕದ ಹಸ್ತಾಂತರ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಸಿದ್ಧತೆಗೆ ಅಡ್ಡಿಯಾಗದಂತೆ ಈ ವರ್ಷದ ಕಾರ್ಯಗಳನ್ನು ಡಿಸೆಂಬರ್ ಒಳಗೆ ಪೂರ್ಣಗೊಳಿಸುವುದು.

5. ವಾರ್ಷಿಕ ಕಾರ್ಯಸೂಚಿ

ಜೂನ್: ಹಿಂದಿನ ವರ್ಷದ ಸಸಿಗಳ ನಿರ್ಣಾಯಕ ಎಣಿಕೆ, ಬೇವು ಮತ್ತು ನೇರಳೆ ಬೀಜಗಳ ಸಂಗ್ರಹ, ಗುಂಡಿಗಳ ಸಿದ್ಧತೆ.
ಜುಲೈ–ಆಗಸ್ಟ್: ನಾಟಿ (ಒಳನಾಡಿನಲ್ಲಿ ಮಳೆ ನೋಡಿಕೊಂಡು ಸೆಪ್ಟೆಂಬರ್‌ವರೆಗೆ), ಸಂಖ್ಯಾಫಲಕ ಕಟ್ಟುವುದು, ಬೇಲಿ, ನೆಟ್ಟ 15 ದಿನಗಳ ನಂತರ ಮೊದಲ ಎಣಿಕೆ.
ಸೆಪ್ಟೆಂಬರ್: ಕಳೆ ತೆಗೆಯುವುದು, ಪಾತಿ ಸರಿಪಡಿಸುವುದು, ಊರುಗೋಲು ಕೊಡುವುದು.
ಅಕ್ಟೋಬರ್–ನವೆಂಬರ್: ದಸರಾ ರಜೆಯ ನಂತರ ಎರಡನೆಯ ಎಣಿಕೆ, ಅರಣ್ಯ ಭೇಟಿ.
ಡಿಸೆಂಬರ್: ಬುಡಕ್ಕೆ ತರಗೆಲೆಯ ಹೊದಿಕೆ, 10ನೇ ತರಗತಿಯ ವರದಿ ಮಂಡನೆ.
ಜನವರಿ: ದಾಖಲೆ ಪುಸ್ತಕದ ಹಸ್ತಾಂತರ, ಬೇಸಿಗೆ ನೀರಿನ ಸರದಿ ಪಟ್ಟಿಗೆ ಶಾಲಾಭಿವೃದ್ಧಿ ಸಮಿತಿಯ ಒಪ್ಪಿಗೆ.
ಫೆಬ್ರವರಿ–ಮಾರ್ಚ್: ಮೂರನೆಯ ಎಣಿಕೆ, ಹೊಂಗೆ, ಹುಣಸೆ ಬೀಜಗಳ ಸಂಗ್ರಹ, ಬೆಂಕಿಯ ಮುನ್ನೆಚ್ಚರಿಕೆಯಾಗಿ ಒಣಹುಲ್ಲು ತೆಗೆಯುವುದು.
ಏಪ್ರಿಲ್–ಮೇ: ಸರದಿಯಂತೆ ನೀರುಣಿಸುವುದು.

ರಜೆಯ ಸರದಿ ಪಟ್ಟಿಯನ್ನು ಸಿದ್ಧಪಡಿಸುವಾಗ ಶಾಲೆಯ ಪಕ್ಕದಲ್ಲಿ ವಾಸಿಸುವ ಕೆಲವೇ ಮಕ್ಕಳ ಮೇಲೆ ಪೂರ್ಣ ಹೊರೆ ಬೀಳದಂತೆ ಎಚ್ಚರ ವಹಿಸಬೇಕು. ಪೋಷಕರು, ಹಳೆಯ ವಿದ್ಯಾರ್ಥಿಗಳು ಮತ್ತು ಗ್ರಾಮ ಪಂಚಾಯಿತಿಯ ಸಹಕಾರವನ್ನು ಜನವರಿಯಲ್ಲಿಯೇ ಕೋರುವುದು. ನೀರು ಹೊರುವುದು ಬಾಲಕಿಯರ ಕೆಲಸ, ಗುಂಡಿ ತೋಡುವುದು ಬಾಲಕರ ಕೆಲಸ ಎಂಬ ವಿಂಗಡಣೆ ಸಲ್ಲದು. ತೋಟದ ಕೆಲಸವನ್ನು ಶಿಕ್ಷೆಯಾಗಿ ವಿಧಿಸಲೇಬಾರದು.

6. ಪ್ರಾಯೋಗಿಕ ಘಟಕಗಳು

6.1 ಬೀಜ ಮತ್ತು ಸಸ್ಯಕ್ಷೇತ್ರ

ಬೀಜವನ್ನು ಆರೋಗ್ಯವಂತ, ಪ್ರೌಢ, ಉತ್ತಮ ಆಕಾರದ ತಾಯಿಮರಗಳಿಂದ ಸಂಗ್ರಹಿಸಬೇಕು. ಒಂದೇ ಮರದ ಬೀಜದಿಂದ ಎಲ್ಲ ಸಸಿಗಳನ್ನು ಬೆಳೆಸುವುದಕ್ಕಿಂತ ಹಲವು ಮರಗಳಿಂದ ಸಂಗ್ರಹಿಸುವುದು ಮೇಲು. ತಾಯಿಮರವನ್ನು ಗುರುತಿಸುವ ಜ್ಞಾನವು ಪುಸ್ತಕಕ್ಕಿಂತ ಹೆಚ್ಚಾಗಿ ಅನುಭವದಿಂದ ಬರುವಂಥದ್ದು. ಉತ್ತರ ಕನ್ನಡ ಜಿಲ್ಲೆ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರು ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದು, ಈ ಜ್ಞಾನಕ್ಕಾಗಿಯೇ ಹೆಸರಾದವರು. ಶಾಲಾ ಶಿಕ್ಷಣವಿಲ್ಲದ ಅವರಿಗೆ 2020ನೇ ಸಾಲಿನ ಪದ್ಮಶ್ರೀ ಪ್ರಶಸ್ತಿ ಸಂದಿತು. 2024ರ ಡಿಸೆಂಬರಿನಲ್ಲಿ ಅವರು ನಿಧನರಾದರು. ಪ್ರತಿ ಊರಿನಲ್ಲಿಯೂ ಗಿಡಮರ ಬಲ್ಲ ಹಿರಿಯರು ಇರುತ್ತಾರೆ. ಅವರನ್ನು ಶಾಲೆಗೆ ಆಹ್ವಾನಿಸಿ ಒಂದು ಅವಧಿಯನ್ನು ಅವರಿಗೆ ಮೀಸಲಿಡುವುದು ಸೂಕ್ತ.

ಬೀಜದ ಗುಣವನ್ನರಿತು ಬಿತ್ತಬೇಕು. ಬೇವಿನ ಬೀಜದ ಮೊಳೆಯುವ ಶಕ್ತಿ ಕೆಲವೇ ವಾರಗಳಲ್ಲಿ ಕುಂದುತ್ತದೆ. ನೇರಳೆ, ಹಲಸಿನ ಬೀಜಗಳನ್ನು ಒಣಗಿಸಿ ಇಡುವಂತಿಲ್ಲ, ಹಸಿಯಾಗಿಯೇ ಬಿತ್ತಬೇಕು. ಹುಣಸೆ ಬೀಜವನ್ನು ಒಣಗಿಸಿ ಇಟ್ಟು, ಬಿತ್ತುವ ಮುನ್ನ ನೀರಿನಲ್ಲಿ ನೆನೆಸಬಹುದು. ತೇಗದ ಬೀಜವನ್ನು ಹಲವು ದಿನ ಸರದಿಯಂತೆ ನೆನೆಸಿ ಒಣಗಿಸುವುದು ರೂಢಿ. ಚೀಲಗಳಿಗೆ ಕೆಂಪುಮಣ್ಣು, ಮರಳು ಮತ್ತು ಕೊಟ್ಟಿಗೆ ಗೊಬ್ಬರವನ್ನು 2:1:1 ಪ್ರಮಾಣದಲ್ಲಿ ಬೆರೆಸಿ ತುಂಬಬಹುದು. ಒಂದು ಶಾಲೆಗೆ 100 ಚೀಲಗಳು ಸಾಕು.

ಲೆಕ್ಕದ ಉದಾಹರಣೆ: ಬಿತ್ತಿದ ಬೀಜ 40, ಮೊಳೆತದ್ದು 26. ಮೊಳಕೆ ಪ್ರಮಾಣ = 26 ÷ 40 × 100 = ಶೇ. 65. ಒಂದು ತಂಡ ನೆನೆಸಿದ ಬೀಜವನ್ನೂ ಮತ್ತೊಂದು ತಂಡ ನೆನೆಸದ ಬೀಜವನ್ನೂ ಬಿತ್ತಿದರೆ ಉಪಚಾರದ ಪರಿಣಾಮ ಸ್ಪಷ್ಟವಾಗುತ್ತದೆ.

6.2 ನಾಟಿ ಮತ್ತು ಪೋಷಣೆ

ಗುಂಡಿಯ ಅಳತೆ ಸಾಮಾನ್ಯವಾಗಿ 45 ಸೆಂ.ಮೀ. ಉದ್ದ, ಅಗಲ ಮತ್ತು ಆಳ. ಗಟ್ಟಿ ನೆಲದಲ್ಲಿ 60 ಸೆಂ.ಮೀ. ತೋಡುವಾಗ ಮೇಲ್ಮಣ್ಣನ್ನು ಬೇರೆಯಾಗಿಟ್ಟು ನೆಡುವಾಗ ಅದನ್ನೇ ಬೇರಿನ ಸುತ್ತ ತುಂಬಬೇಕು. ಚೀಲವನ್ನು ಸೀಳಿ ತೆಗೆಯದೆ ನೆಡುವುದು ಶಾಲೆಗಳಲ್ಲಿ ಕಂಡುಬರುವ ಸಾಮಾನ್ಯ ತಪ್ಪು. ತೆಗೆದ ಚೀಲಗಳನ್ನು ಎಣಿಸಿ ಹಿಂದಿರುಗಿಸುವ ನಿಯಮವಿದ್ದರೆ ಈ ತಪ್ಪು ತಾನಾಗಿ ನಿಲ್ಲುತ್ತದೆ.

ಸಸಿಗಳಿಗೆ ಬರಗಾಲದಷ್ಟೇ ಅಪಾಯಕಾರಿಯಾದುದು ಜಾನುವಾರುಗಳ ಹಾವಳಿ. ಮಾಗಡಿ ತಾಲ್ಲೂಕಿನ ಹುಲಿಕಲ್ ಮತ್ತು ಕುದೂರು ನಡುವಿನ ರಸ್ತೆಬದಿಯಲ್ಲಿ ಆಲದ ಸಾಲುಮರಗಳನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಅವರು ಸಸಿಗಳಿಗೆ ದೂರದಿಂದ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ ಕಾಪಾಡಿದರು. ತಿಮ್ಮಕ್ಕ ಅವರನ್ನು ನಾಡು ನೆನೆಯುವುದು ಅವರು ನೆಟ್ಟ ಸಸಿಗಳಿಗಾಗಿ ಅಲ್ಲ, ಇಂದಿಗೂ ನಿಂತಿರುವ ಮರಗಳಿಗಾಗಿ ಎಂಬುದನ್ನು ತರಗತಿಯಲ್ಲಿ ಒತ್ತಿ ಹೇಳಬೇಕು.

6.3 ಮರದ ಅಳತೆ

ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೆಯುವುದು ನಮ್ಮ ದೇಶದ ಅರಣ್ಯ ಕಾರ್ಯದಲ್ಲಿ ರೂಢಿಯಲ್ಲಿರುವ ಕ್ರಮ. ಇದನ್ನು ಎದೆಮಟ್ಟದ ಸುತ್ತಳತೆ ಎನ್ನಲಾಗುತ್ತದೆ. ಸುತ್ತಳತೆ 94.2 ಸೆಂ.ಮೀ. ಇದ್ದರೆ ಅದನ್ನು 3.14ರಿಂದ ಭಾಗಿಸಿದಾಗ ವ್ಯಾಸ 30 ಸೆಂ.ಮೀ. ದೊರೆಯುತ್ತದೆ. ಎತ್ತರವನ್ನು ಅಳೆಯಲು 45 ಡಿಗ್ರಿಯ ಮೂಲೆಮಟ್ಟ ಸಾಕು. ಸಮತಟ್ಟಾದ ನೆಲದಲ್ಲಿ ಮರದ ತುದಿಯು 45 ಡಿಗ್ರಿ ಕೋನದಲ್ಲಿ ಕಾಣುವಷ್ಟು ದೂರ ಹೋಗಿ ನಿಲ್ಲಬೇಕು. ಆ ದೂರ 12 ಮೀಟರ್, ವಿದ್ಯಾರ್ಥಿಯ ಕಣ್ಣಿನ ಎತ್ತರ 1.5 ಮೀಟರ್ ಆದರೆ ಮರದ ಎತ್ತರ 13.5 ಮೀಟರ್. 10ನೇ ತರಗತಿಯ ತ್ರಿಕೋನಮಿತಿಗೆ ಇದು ಒಳ್ಳೆಯ ಪೂರ್ವಸಿದ್ಧತೆ.

6.4 ಋತುದಾಖಲೆ

ಪ್ರತಿ ವಿದ್ಯಾರ್ಥಿಯು ಒಂದು ದೊಡ್ಡ ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಅದರ ಚಿಗುರು, ಬಲಿತ ಎಲೆ, ಎಲೆ ಉದುರುವಿಕೆ, ಮೊಗ್ಗು, ಹೂವು, ಕಾಯಿ, ಹಣ್ಣುಗಳನ್ನು 'ಇಲ್ಲ', 'ಸ್ವಲ್ಪ', 'ಬಹಳ' ಎಂದು ಗುರುತಿಸಬೇಕು. ಐದು ನಿಮಿಷಗಳ ಈ ಕೆಲಸ ಮೂರು ವರ್ಷ ನಡೆದರೆ, ಹೊಂಗೆ ಯಾವ ವಾರ ಚಿಗುರಿತು, ಮುತ್ತುಗ ಯಾವ ವಾರ ಹೂಬಿಟ್ಟಿತು ಎಂಬುದು ವರ್ಷದಿಂದ ವರ್ಷಕ್ಕೆ ಹೋಲಿಸಬಲ್ಲ ಮಾಹಿತಿಯಾಗುತ್ತದೆ.

6.5 ಅರಣ್ಯ ಮತ್ತು ಜನ

ಕರ್ನಾಟಕದ ಭೌಗೋಳಿಕ ವಿಸ್ತೀರ್ಣ 1,91,791 ಚದರ ಕಿ.ಮೀ. ಭಾರತೀಯ ಅರಣ್ಯ ಸ್ಥಿತಿ ವರದಿ 2021ರ ಪ್ರಕಾರ ಇದರಲ್ಲಿ 38,730 ಚದರ ಕಿ.ಮೀ., ಅಂದರೆ ಶೇ. 20.19ರಷ್ಟು ಅರಣ್ಯ ಹೊದಿಕೆ ಇತ್ತು. 1988ರ ರಾಷ್ಟ್ರೀಯ ಅರಣ್ಯ ನೀತಿಯು ದೇಶದ ಭೂಭಾಗದ ಮೂರನೆಯ ಒಂದರಷ್ಟು ಅರಣ್ಯ ಅಥವಾ ಮರಗಳಿಂದ ಕೂಡಿರಬೇಕೆಂಬ ಗುರಿಯನ್ನು ಹೊಂದಿದೆ. ಈ ಅಂಕಿಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಅವುಗಳ ಅರ್ಥವನ್ನು ಚರ್ಚಿಸುವುದು ಮುಖ್ಯ. ವರದಿಯಲ್ಲಿ 1 ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇ. 10ಕ್ಕೆ ಕಡಿಮೆಯಿಲ್ಲದ ಮರದ ನೆರಳಿರುವ ಪ್ರದೇಶವನ್ನೆಲ್ಲ, ಒಡೆತನ ಯಾರದೇ ಇರಲಿ, ಅರಣ್ಯ ಹೊದಿಕೆ ಎಂದೇ ಎಣಿಸಲಾಗುತ್ತದೆ. ಹಾಗಾದರೆ ಕೊಡಗಿನ ನೆರಳಿನ ಕಾಫಿ ತೋಟ ಈ ಲೆಕ್ಕದಲ್ಲಿ ಬರುತ್ತದೆಯೇ? ತೋಟಕ್ಕೂ ಕಾಡಿಗೂ ವ್ಯತ್ಯಾಸವೇನು? ಇಂತಹ ಪ್ರಶ್ನೆಗಳು 10ನೇ ತರಗತಿಯ ಚರ್ಚೆಗೆ ಯೋಗ್ಯವಾಗಿವೆ.

1963ರ ಕರ್ನಾಟಕ ಅರಣ್ಯ ಕಾಯಿದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಮತ್ತು 2006ರ ಅರಣ್ಯ ಹಕ್ಕುಗಳ ಕಾಯಿದೆಗಳ ಮುಖ್ಯಾಂಶಗಳನ್ನು ಪರಿಚಯಿಸುವುದು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಗ್ರಾಮಸ್ಥರು ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದ ಅಪ್ಪಿಕೋ ಚಳವಳಿಯನ್ನು ಇದರೊಡನೆ ಅಧ್ಯಯನ ಮಾಡಿಸಬಹುದು.

7. ಅರಣ್ಯ ಭೇಟಿ: ಅನುಮತಿ ಮತ್ತು ಸುರಕ್ಷತೆ

(ಅ) ಭೇಟಿಗೆ ಮುನ್ನ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಯವರ ಕಚೇರಿಯನ್ನು ಲಿಖಿತವಾಗಿ ಸಂಪರ್ಕಿಸುವುದು. ವನ್ಯಜೀವಿಧಾಮ ಮತ್ತು ರಾಷ್ಟ್ರೀಯ ಉದ್ಯಾನಗಳ ಪ್ರವೇಶಕ್ಕೆ ಪ್ರತ್ಯೇಕ ಅನುಮತಿ ಅಗತ್ಯ. ಅರಣ್ಯ ಇಲಾಖೆಯ 'ಚಿಣ್ಣರ ವನದರ್ಶನ' ಕಾರ್ಯಕ್ರಮದ ಅವಕಾಶದ ಬಗ್ಗೆಯೂ ಅಲ್ಲಿಯೇ ವಿಚಾರಿಸಬಹುದು.
(ಆ) ಪೋಷಕರ ಒಪ್ಪಿಗೆ ಪತ್ರ, ಪ್ರಥಮ ಚಿಕಿತ್ಸಾ ಪೆಟ್ಟಿಗೆ, ಸಮೀಪದ ಆಸ್ಪತ್ರೆಯ ಮಾಹಿತಿ ಇರತಕ್ಕದ್ದು. 20 ವಿದ್ಯಾರ್ಥಿಗಳಿಗೆ ಕನಿಷ್ಠ ಒಬ್ಬ ಶಿಕ್ಷಕರಿರುವುದು ಉತ್ತಮ.
(ಇ) ಮಂಗನ ಕಾಯಿಲೆಯ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಈ ರೋಗವು ಉಣುಗುಗಳ ಕಡಿತದಿಂದ ಹರಡುತ್ತದೆ; ಡಿಸೆಂಬರಿನಿಂದ ಮೇವರೆಗೆ ಅಪಾಯ ಹೆಚ್ಚು. ಮಲೆನಾಡಿನ ಬಾಧಿತ ತಾಲ್ಲೂಕುಗಳಲ್ಲಿ ಈ ಅವಧಿಯ ಭೇಟಿಯನ್ನು ಕೈಬಿಟ್ಟು, ನವೆಂಬರ್ ಒಳಗೆ ಆರೋಗ್ಯ ಇಲಾಖೆಯ ಸಲಹೆ ಪಡೆದು ಹೋಗುವುದು. ಮಂಗಗಳು ಸತ್ತುಬಿದ್ದಿರುವ ಪ್ರದೇಶಕ್ಕೆ ಹೋಗಲೇಬಾರದು.
(ಈ) ಕಾಡಿನಿಂದ ಗಿಡ, ಹೂವು, ಜೀವಿಗಳನ್ನು ತರುವಂತಿಲ್ಲ. ಉದುರಿದ ಎಲೆಗಳ ಚಿತ್ರ ಬರೆದುಕೊಳ್ಳುವುದೇ ಸಾಕು.

ಅಂಗವಿಕಲ ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯದಲ್ಲಿ ಸಮಾನ ಮೌಲ್ಯದ ಪಾತ್ರವನ್ನು ಮೊದಲೇ ಯೋಜಿಸಬೇಕು. ದೂರದ ಕಾಡಿಗೆ ಹೋಗಲಾಗದಿದ್ದರೆ ಊರಿನ ಗೋಮಾಳ, ಕೆರೆಯಂಗಳ, ದೇವರಕಾಡು ಅಥವಾ ಸಾಲುಮರಗಳ ಅಧ್ಯಯನವೂ ಸಮಾನವಾಗಿ ಸ್ವೀಕಾರಾರ್ಹ.

8. ಮೌಲ್ಯಮಾಪನ

8.1 ಮೂಲ ತತ್ತ್ವಗಳು

(ಅ) ಸಸಿ ನೆಟ್ಟ ಮಾತ್ರಕ್ಕೆ ಅಂಕವಿಲ್ಲ. ನೆಡುವ ಕ್ರಮಕ್ಕೆ ಮತ್ತು ಪೋಷಣೆಗೆ ಅಂಕವಿದೆ.
(ಆ) ಸಸಿ ಸತ್ತ ಮಾತ್ರಕ್ಕೆ ಅಂಕ ಕಡಿತವಿಲ್ಲ. ಸತ್ತದ್ದನ್ನು ದಾಖಲಿಸದಿದ್ದರೆ ಕಡಿತವಿದೆ.
(ಇ) 8ನೇ ತರಗತಿಯಲ್ಲಿ ನೆಟ್ಟ ಸಸಿಯ ಜೂನ್ ತಿಂಗಳ ಎಣಿಕೆಯು 9ನೇ ತರಗತಿಯ ಮೌಲ್ಯಮಾಪನದಲ್ಲಿ ಸೇರುತ್ತದೆ. ಒಂದು ಬೇಸಿಗೆ ಕಳೆಯದೆ ಪೋಷಣೆಯ ಪೂರ್ಣ ಅಂಕ ನೀಡಲಾಗದು.

ಎರಡನೆಯ ತತ್ತ್ವಕ್ಕೆ ವಿವರಣೆ ಅಗತ್ಯ. ಬದುಕುಳಿದ ಸಸಿಗಳ ಶೇಕಡಾವಾರು ಪ್ರಮಾಣಕ್ಕೆ ನೇರವಾಗಿ ಅಂಕ ನೀಡಿದರೆ ಎರಡು ಅನ್ಯಾಯಗಳು ಸಂಭವಿಸುತ್ತವೆ. ಮೊದಲನೆಯದಾಗಿ, ಕೊಳವೆಬಾವಿ ಬತ್ತಿದ ಶಾಲೆಯ ವಿದ್ಯಾರ್ಥಿಯು ತನ್ನದಲ್ಲದ ತಪ್ಪಿಗೆ ಅಂಕ ಕಳೆದುಕೊಳ್ಳುತ್ತಾನೆ. ಎರಡನೆಯದಾಗಿ, ಸತ್ತ ಸಸಿಯ ಜಾಗದಲ್ಲಿ ಬೇರೊಂದನ್ನು ನೆಟ್ಟು ಹಳೆಯ ಸಂಖ್ಯೆಯನ್ನೇ ಮುಂದುವರಿಸುವ ಆಸೆ ಹುಟ್ಟುತ್ತದೆ. ದಾಖಲೆ ಸುಳ್ಳಾದರೆ ಮುಂದಿನ ವರ್ಷದ ಯೋಜನೆಯೂ ಸುಳ್ಳಾಗುತ್ತದೆ. ಆದುದರಿಂದ ಮರುನಾಟಿ ಮಾಡಿದ ಸಸಿಗೆ ಹೊಸ ಸಂಖ್ಯೆಯನ್ನೇ ನೀಡತಕ್ಕದ್ದು. ಹಳೆಯ ಸಂಖ್ಯೆಯ ಮುಂದೆ ಸತ್ತ ದಿನಾಂಕ ಮತ್ತು ಕಾರಣವನ್ನು ಬರೆದು ಮುಕ್ತಾಯಗೊಳಿಸುವುದು.

8.2 ಅಂಕಗಳ ಹಂಚಿಕೆ (ಮಾದರಿ)

ಕ್ಷೇತ್ರ ದಿನಚರಿ ಮತ್ತು ಸಸಿ ದಾಖಲೆ – 30
ಸಸ್ಯಕ್ಷೇತ್ರ, ನಾಟಿ ಮತ್ತು ಪೋಷಣೆಯ ಕೌಶಲ – 25
ಅಳತೆ, ಎಣಿಕೆ ಮತ್ತು ಲೆಕ್ಕ – 15
ಸ್ಥಳೀಯ ಅಧ್ಯಯನ ವರದಿ – 15
ಮರಗಳನ್ನು ಗುರುತಿಸುವ ಪರೀಕ್ಷೆ ಮತ್ತು ಮೌಖಿಕ ಪ್ರಶ್ನೆಗಳು – 10
ತಂಡದ ಸಹಕಾರ – 5
ಒಟ್ಟು – 100

ಶಾಲೆಯು ತನ್ನ ಆಂತರಿಕ ಮೌಲ್ಯಮಾಪನ ಪದ್ಧತಿಗೆ ಅನುಗುಣವಾಗಿ ಇದನ್ನು ಪರಿವರ್ತಿಸಿಕೊಳ್ಳಬಹುದು. ಗುರುತಿಸುವ ಪರೀಕ್ಷೆಯನ್ನು ಚಿತ್ರಗಳಿಂದಲ್ಲದೆ ಆವರಣದ ಮರಗಳ ಎದುರಿನಲ್ಲಿಯೇ ನಡೆಸುವುದು. ಸ್ಥಳೀಯ ಹೆಸರು ಹೇಳಿದರೆ ಪೂರ್ಣ ಅಂಕ ನೀಡಬೇಕು. ಸಸ್ಯಶಾಸ್ತ್ರೀಯ ಹೆಸರು ಕಡ್ಡಾಯವಲ್ಲ.

8.3 ದಿನಚರಿಯ ಶ್ರೇಣಿಗಳು

ಉತ್ತಮ (25–30): ಎಲ್ಲ ಎಣಿಕೆಗಳೂ ದಿನಾಂಕ ಸಹಿತ ಇವೆ; ಅಳತೆಗಳಿವೆ; ಬದಲಾವಣೆಗೆ ಕಾರಣವನ್ನು ಸಾಕ್ಷ್ಯದೊಡನೆ ಸೂಚಿಸಲಾಗಿದೆ; ಮುಂದಿನ ಕ್ರಮವನ್ನು ಬರೆದು ಪಾಲಿಸಲಾಗಿದೆ.
ಸಮಾಧಾನಕರ (18–24): ಹೆಚ್ಚಿನ ಎಣಿಕೆಗಳಿವೆ, ಅಳತೆಗಳಿವೆ, ಕಾರಣಗಳು ಊಹೆಯ ಮಟ್ಟದಲ್ಲಿವೆ.
ಸಾಧಾರಣ (10–17): ಅಲ್ಲಲ್ಲಿ ದಾಖಲೆ ಇದೆ, ಅಳತೆಗಳಿಲ್ಲ.
ಸುಧಾರಣೆ ಅಗತ್ಯ (10ಕ್ಕಿಂತ ಕಡಿಮೆ): ದಾಖಲೆ ಇಲ್ಲ ಅಥವಾ ಒಂದೇ ದಿನ ಕುಳಿತು ಬರೆದಂತಿದೆ.

ಹೋಲಿಕೆಗಾಗಿ ಎರಡು ಕಾಲ್ಪನಿಕ ನಮೂದುಗಳನ್ನು ಕೆಳಗೆ ನೀಡಲಾಗಿದೆ.

ಮೊದಲನೆಯದು: "ಸಸಿ 16, ಹೊಂಗೆ. ಚೆನ್ನಾಗಿ ಬೆಳೆಯುತ್ತಿದೆ. ದಿನವೂ ನೀರು ಹಾಕಿದ್ದೇವೆ."

ಎರಡನೆಯದು: "ಸಸಿ 17, ನೇರಳೆ. ಜುಲೈ 12ರಂದು ನೆಟ್ಟಾಗ ಎತ್ತರ 42 ಸೆಂ.ಮೀ., ನವೆಂಬರ್ 3ರಂದು 58 ಸೆಂ.ಮೀ. ಫೆಬ್ರವರಿ 10ರಂದು ತುದಿ ಇರಲಿಲ್ಲ, ಎತ್ತರ 31 ಸೆಂ.ಮೀ.; ಬೇಲಿ ಪೂರ್ವಕ್ಕೆ ಬಾಗಿತ್ತು, ಆಡಿನ ಹಿಕ್ಕೆ ಇತ್ತು. ಅಂದೇ ಬೇಲಿ ಸರಿಪಡಿಸಿದೆವು. ಜೂನ್ 4ರಂದು ನೋಡಿದಾಗ ಸಸಿ ಒಣಗಿತ್ತು. ಮೇ ತಿಂಗಳ ಎರಡು ವಾರ ಈ ಸಾಲಿಗೆ ನೀರು ಬಂದಿಲ್ಲ ಎಂದು ಸರದಿ ಪಟ್ಟಿಯಲ್ಲಿದೆ. ಮುಂದಿನ ಬಾರಿ ಈ ಜಾಗದಲ್ಲಿ ಬೇವು ನೆಡಬಹುದು."

ಮೊದಲನೆಯ ವಿದ್ಯಾರ್ಥಿಯ ಸಸಿ ಬದುಕಿದೆ, ಎರಡನೆಯವನ ಸಸಿ ಸತ್ತಿದೆ. ಆದರೂ ಹೆಚ್ಚಿನ ಅಂಕ ಎರಡನೆಯವನಿಗೇ ಸಲ್ಲಬೇಕು. ಆತನ ದಾಖಲೆಯಿಂದ ಶಾಲೆಯು ಬೇಲಿ, ನೀರು ಮತ್ತು ಜಾತಿಯ ಆಯ್ಕೆಯ ಬಗ್ಗೆ ಕಲಿಯಬಲ್ಲದು.

8.4 ಶಾಲೆಯ ಸ್ವಯಂ ಮೌಲ್ಯಮಾಪನ

ಬದುಕುಳಿದ ಪ್ರಮಾಣವು ವಿದ್ಯಾರ್ಥಿಯ ಅಂಕವಾಗದಿದ್ದರೂ ಶಾಲೆಯ ಅಂಕವಾಗಬೇಕು. 60 ಸಸಿ ನೆಟ್ಟು ಮುಂದಿನ ಜೂನ್‌ನಲ್ಲಿ 39 ಉಳಿದಿದ್ದರೆ ಪ್ರಮಾಣ ಶೇ. 65. ಉಳಿದ 21 ಸಸಿಗಳ ಸಾವಿಗೆ ನೀರಿನ ಕೊರತೆ, ಜಾನುವಾರು, ಗೆದ್ದಲು, ನಾಟಿಯ ದೋಷ, ಬೆಂಕಿ ಎಂದು ಕಾರಣವಾರು ಪಟ್ಟಿ ಮಾಡಿ ಸೂಚನಾ ಫಲಕದಲ್ಲಿ ಪ್ರಕಟಿಸುವುದು. ಆ ವರ್ಷದ ಹೊಸ ನಾಟಿಯ ಸಂಖ್ಯೆಯನ್ನು ಈ ಪಟ್ಟಿಯನ್ನು ನೋಡಿಯೇ ನಿರ್ಧರಿಸುವುದು. ಶೇ. 100 ಎಂಬ ವರದಿ ಬಂದಾಗ ಮುಖ್ಯ ಶಿಕ್ಷಕರು ಸಂಖ್ಯಾಫಲಕಗಳನ್ನು ಸ್ವತಃ ಪರಿಶೀಲಿಸುವುದು ಒಳಿತು.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಮ್ಮ ಶಾಲೆಗೆ ಆವರಣವೇ ಇಲ್ಲ. ಈ ಶಿಕ್ಷಣ ಸಾಧ್ಯವೇ?
ಉತ್ತರ: ಸಾಧ್ಯ. ಸಸ್ಯಕ್ಷೇತ್ರಕ್ಕೆ ಒಂದು ಕೋಣೆಯಷ್ಟು ನೆರಳಿನ ಜಾಗ ಸಾಕು. ಬೆಳೆದ ಸಸಿಗಳನ್ನು ವಿದ್ಯಾರ್ಥಿಗಳ ಮನೆ, ಹೊಲದ ಬದು ಅಥವಾ ಪಂಚಾಯಿತಿಯ ಒಪ್ಪಿಗೆಯೊಂದಿಗೆ ಸಾರ್ವಜನಿಕ ಸ್ಥಳದಲ್ಲಿ ನೆಟ್ಟು ದಾಖಲೆಯನ್ನು ಶಾಲೆಯಲ್ಲಿಡಬಹುದು.

ಪ್ರಶ್ನೆ: ಸಸಿಗಳನ್ನು ಎಲ್ಲಿಂದ ಪಡೆಯಬೇಕು?
ಉತ್ತರ: ಅರಣ್ಯ ಇಲಾಖೆಯ ಪ್ರಾದೇಶಿಕ ಅಥವಾ ಸಾಮಾಜಿಕ ಅರಣ್ಯ ವಲಯದ ಸಸ್ಯಕ್ಷೇತ್ರಗಳಲ್ಲಿ ವಿಚಾರಿಸಬಹುದು. ಬೇಡಿಕೆಯನ್ನು ಮಳೆಗಾಲಕ್ಕೆ ಮುನ್ನವೇ ಜಾತಿವಾರು ತಿಳಿಸುವುದು.

ಪ್ರಶ್ನೆ: ವಿದ್ಯಾರ್ಥಿಯು ನಡುವೆ ಶಾಲೆ ಬಿಟ್ಟು ಬೇರೆಡೆ ಹೋದರೆ ಆತನ ಸಸಿಯ ಗತಿಯೇನು?
ಉತ್ತರ: ಸಸಿಗಳನ್ನು ಒಬ್ಬೊಬ್ಬರಿಗೆ ಹಂಚದೆ ನಾಲ್ಕೈದು ಮಂದಿಯ ತಂಡಕ್ಕೆ ಹಂಚುವುದು ಇದಕ್ಕೆ ಪರಿಹಾರ. ದಾಖಲೆ ಮಾತ್ರ ಪ್ರತಿಯೊಬ್ಬರದೂ ಪ್ರತ್ಯೇಕವಾಗಿರಬೇಕು.

ಪ್ರಶ್ನೆ: ಈ ವಿಷಯದಲ್ಲಿ ಮುಂದಿನ ವ್ಯಾಸಂಗಕ್ಕೆ ಅವಕಾಶವಿದೆಯೇ?
ಉತ್ತರ: ಪದವಿಪೂರ್ವ ವಿಜ್ಞಾನ ಶಿಕ್ಷಣದ ನಂತರ ಬಿ.ಎಸ್‌ಸಿ. ಅರಣ್ಯಶಾಸ್ತ್ರ ಪದವಿಗೆ ಸೇರಬಹುದು. ರಾಜ್ಯದಲ್ಲಿ ಶಿರಸಿ ಮತ್ತು ಪೊನ್ನಂಪೇಟೆಗಳಲ್ಲಿ ಅರಣ್ಯ ಮಹಾವಿದ್ಯಾಲಯಗಳಿವೆ.

10. ದಾಖಲೆಯ ಹಸ್ತಾಂತರ

10ನೇ ತರಗತಿಯ ವಿದ್ಯಾರ್ಥಿಗಳು ಜನವರಿಯಲ್ಲಿ ತಮ್ಮ ಸಸಿ ದಾಖಲೆ ಪುಸ್ತಕವನ್ನು 8ನೇ ತರಗತಿಯವರಿಗೆ ಹಸ್ತಾಂತರಿಸುವುದರೊಂದಿಗೆ ಈ ಶಿಕ್ಷಣ ಮುಕ್ತಾಯಗೊಳ್ಳುತ್ತದೆ. ಅಂದು ಉಭಯ ತರಗತಿಯವರೂ ಪುಸ್ತಕವನ್ನು ಕೈಯಲ್ಲಿ ಹಿಡಿದು ಸಾಲುಸಾಲಾಗಿ ನಡೆದು, ಪ್ರತಿ ಸಂಖ್ಯೆಯ ಮುಂದೆ ನಿಂತು, ಇರುವುದನ್ನು ಇದೆಯೆಂದೂ ಇಲ್ಲದ್ದನ್ನು ಇಲ್ಲವೆಂದೂ ಗುರುತಿಸಿ ಸಹಿ ಮಾಡುವುದು. ಮುಖ್ಯ ಶಿಕ್ಷಕರು ಮೇಲುಸಹಿ ಮಾಡಿ ಪುಸ್ತಕವನ್ನು ಶಾಲಾ ದಾಸ್ತಾನಿನಲ್ಲಿ ನಮೂದಿಸತಕ್ಕದ್ದು. ಶಿಕ್ಷಕರು ವರ್ಗಾವಣೆಗೊಂಡರೂ ವಿದ್ಯಾರ್ಥಿಗಳು ಉತ್ತೀರ್ಣರಾಗಿ ಹೋದರೂ ಮುಂದಿನ ಬೇಸಿಗೆಯಲ್ಲಿ ಯಾವ ಸಸಿಗೆ ಯಾರು ನೀರೆರೆಯಬೇಕೆಂಬುದು ಆ ಪುಸ್ತಕದಿಂದ ತಿಳಿಯುವಂತಿರಬೇಕು.